ಕಬ್ಬಿಣದ ಟೋಪಿಯೂ ನಾನು ಕೆಳಗಿಡದ ಸುತ್ತಿಗೆಯೂ

ಕಬ್ಬಿಣ ಬಡಿಯೋನ ಮುಂದೆ ಜನ ಸುಮ್ಮನೆ ಹಾದುಹೋಗಲ್ಲ. ನಿಲ್ತಾರೆ, ನೋಡ್ತಾರೆ, ಒಂದು ಮಾತು ಆಡ್ತಾರೆ. ಆ ಮಾತಿಗೆ ನಾನೊಂದು ಆಡ್ತೀನಿ. ಅಲ್ಲಿಗೆ ಏನಾದರೊಂದು ಆಗೇ ಆಗುತ್ತೆ. ಮುಳಬಾಗಿಲಿನಲ್ಲಿ ನನ್ನ ಅಂಗಡಿ ಇರೋ ಬೀದಿಯಲ್ಲಿ ಬೇಕರಿ ಇದೆ, ಮೊಬೈಲ್ ಅಂಗಡಿ ಇದೆ, ಕ್ಷೌರದಂಗಡಿ ಇದೆ. ಅಲ್ಲೆಲ್ಲ ವರ್ಷಗಟ್ಟಲೆ ಏನೂ ಆಗಲ್ಲ. ಆಗೋದೆಲ್ಲ ನನ್ನ ಅಂಗಡಿಯಲ್ಲೇ. ಅದಕ್ಕೆ ಕಾರಣ ನಾನೇ ಅಂತ ನನ್ನ ಹೆಂಡತಿ ಹೇಳ್ತಾಳೆ. ಆ ಹೆಗ್ಗಳಿಕೆಯನ್ನ ನಾನು ಯಾವತ್ತೂ ಬೇಡ ಅಂದಿಲ್ಲ.

ನಾನು ಮಾಡೋದು ಯುದ್ಧದ ಟೋಪಿ. ಹಳೇ ಕಾಲದ ಸೈನಿಕರು ತಲೆಗೆ ಹಾಕ್ಕೊಳ್ತಿದ್ದರಲ್ಲ, ಅದು. ಓದಿದವರು ಶಿರಸ್ತ್ರಾಣ ಅಂತಾರೆ. ನಾನು ಇಸ್ಕೂಲಿನ ಗೇಟು ರಿಪೇರಿ ಮಾಡೋಕೆ ಹೋಗಿದ್ದೀನೇ ಹೊರತು ಗೇಟು ದಾಟಿ ಒಳಗೆ ಕೂತವನಲ್ಲ, ಹಾಗಾಗಿ ನನ್ನ ಬಾಯಲ್ಲಿ ಅದು ಕಬ್ಬಿಣದ ಟೋಪಿ. ನಾಟಕದವರು ತಗೊಳ್ತಾರೆ, ಸೀರಿಯಲ್ಲಿನವರು ತಗೊಳ್ತಾರೆ, ಫಾರಿನ್ನಿಗೂ ಹೋಗುತ್ತೆ. ನನ್ನ ಟೋಪಿ ಹಾಕ್ಕೊಂಡ ರಾಜ ಇವತ್ತಿನವರೆಗೆ ಒಂದು ಯುದ್ಧ ಸೋತಿಲ್ಲ. ಕಥೆಯಲ್ಲಿ ಸೋಲಬೇಕಾಗಿದ್ದ ಒಬ್ಬ ರಾಜನೂ ಟೋಪಿ ತಲೆಗೆ ಬಂದ ಮೇಲೆ ಸೋಲೋಕೆ ಒಪ್ಪಲಿಲ್ಲ, ನಾಟಕದ ಕೊನೆಯನ್ನೇ ತಿದ್ದಿಸಿದ.

ಇಂಥ ನನಗೆ ಸುತ್ತಿಗೆ ಕೆಳಗಿಡು ಅಂದವನು ಒಬ್ಬನಿದ್ದಾನೆ. ನನ್ನ ಅಳಿಯ. ಅಕ್ಕನ ಮಗನೇ, ಎತ್ತಿ ಆಡಿಸಿದವನೇ, ಅವನಿಗೇ ಮಗಳನ್ನ ಕೊಟ್ಟೆ. ಮಾಲೂರಿನಲ್ಲಿ ಶೆಡ್ಡು ಹಾಕಿ ದೊಡ್ಡ ಪ್ರೆಸ್ ಮಿಷನ್ ಒಂದು ಇಟ್ಟಿದ್ದಾನೆ. ಅದು ಮೇಲಿಂದ ದಡಾಲ್ ಅಂತ ಬಿದ್ದರೆ ಕೆಳಗಿರೋ ತಗಡು ತಟ್ಟೆಯಾಗುತ್ತೆ, ಮುಚ್ಚಳವಾಗುತ್ತೆ. ಮಿಷನ್ನು ಬಂದ ದಿನದಿಂದ ಅವನಿಗೆ ನನ್ನ ಕೈ ಕಂಡರೆ ಅಯ್ಯೋ ಪಾಪ.

"ಮಾವ, ವಯಸ್ಸಾಯ್ತು, ಕೈ ನಡುಗುತ್ತೆ. ಅಂಗಡಿಗೆ ಬೀಗ ಹಾಕಿ ನಮ್ಮನೆಗೆ ಬನ್ನಿ. ಟೀವಿ ನೋಡ್ಕೊಂಡು ಆರಾಮಾಗಿರಿ" ಅಂದ ಒಂದು ದಿನ.

"ಟೀವಿಯಲ್ಲಿ ಬರೋ ಸೈನ್ಯಕ್ಕೆ ಟೋಪಿ ಮಾಡೋನೇ ನಾನು ಕಣೋ. ನಾನು ಟೀವಿ ಮುಂದೆ ಕೂತರೆ ಟೀವಿ ಒಳಗೆ ಯಾರು ಇರ್ತಾರೆ?" ಅಂದೆ.

ಮಾತಿಗೆ ಮಾತು ಬೆಳೆದು ಒಂದು ಕರಾರು ಆಯಿತು. ನಾನು ಮಾಡಿದ ಟೋಪಿ ಒಂದೇ ಒಂದು, ತಲೆಗೆ ಕೂರಲಿಲ್ಲ ಅಂತ ವಾಪಸ್ ಬಂದರೆ, ಅವತ್ತೇ ಸುತ್ತಿಗೆ ಕೆಳಗಿಟ್ಟು ಮಾಲೂರಿಗೆ ಹೊರಡಬೇಕು. ಬರೋವರೆಗೂ ಅವನು ಆ ಮಾತು ಎತ್ತಬಾರದು. ನನ್ನ ಹೆಂಡತಿ ಸಾಕ್ಷಿ. ಅವಳು ಯಾವ ಕಡೆ ಅಂತ ಇಬ್ಬರೂ ಕೇಳಲಿಲ್ಲ. ಕೇಳೋ ಧೈರ್ಯ ಇಬ್ಬರಿಗೂ ಇರಲಿಲ್ಲ.

ಒರಳು ದಂಡಿಗೆ ಸೇರಿದ್ದು

ಮೊದಲು ನಾನು ಹಾಲಿನ ಕ್ಯಾನು, ಬಕೆಟ್ಟು, ನೀರಿನ ಡ್ರಮ್ಮು ಮಾಡ್ತಿದ್ದೆ. ಪ್ಲಾಸ್ಟಿಕ್ ಬಂದು ಬಕೆಟ್ಟನ್ನ ನುಂಗಿತು. ನಾನು ಹೆದರಲಿಲ್ಲ. ಪ್ಲಾಸ್ಟಿಕ್ ಬಕೆಟ್ಟಿಗೆ ನಾನು ಇವತ್ತಿಗೂ ಮೈ ಒರೆಸಿಕೊಂಡು ಬೈತೀನಿ, ಸ್ನಾನ ಮಾತ್ರ ಅದರಲ್ಲೇ.

ಆಗ ಬೆಂಗಳೂರಿನಿಂದ ಸೀರಿಯಲ್ಲಿನವನೊಬ್ಬ ಬಂದ. ಸೆಟ್ಟು ಹಾಕೋನು. ನಿಜವಾದ ಕಬ್ಬಿಣದ ಟೋಪಿ ಬೇಕು, ಯಾವತ್ತಾದರೂ ಮಾಡಿದ್ದೀರಾ ಅಂತ ಕೇಳಿದ. ನಾನು ಅಲ್ಲೀವರೆಗೂ ಅಂಥದ್ದನ್ನ ಕೈಯಲ್ಲಿ ಹಿಡಿದಿರಲಿಲ್ಲ. ಆದರೆ ಇಲ್ಲ ಅನ್ನೋ ಮಾತು ನನ್ನ ಬಾಯಿಗೆ ಸರಿಯಾಗಿ ಬರಲ್ಲ. ನಮ್ಮ ಮುತ್ತಾತ ಪಾಳೆಗಾರರ ದಂಡಿಗೇ ಟೋಪಿ ಮಾಡ್ತಿದ್ದ, ಅವನು ಮಾಡಿದ ಒಂದು ಟೋಪಿಗೆ ಪಿರಂಗಿ ಗುಂಡು ಬಡಿದು ಗುಂಡೇ ಚಪ್ಪಟೆಯಾಯ್ತು, ಆ ಗುಂಡಿನ ಮೇಲೆ ನಮ್ಮ ಅಜ್ಜಿ ರೊಟ್ಟಿ ಸುಡ್ತಿದ್ದಳು ಅಂದೆ. ಅವನು ಕೈ ಮುಗಿದು ಆರ್ಡರು ಕೊಟ್ಟು ಹೋದ.

ಈಗ ಟೋಪಿಯ ಕೆಲಸ ಹೇಗೆ ಅಂತ ಹೇಳ್ತೀನಿ. ಚಪ್ಪಟೆ ತಗಡಿಗೆ ಹೊಟ್ಟೆ ಬರಿಸಬೇಕು, ಅಷ್ಟೇ. ಗುಳಿಯಿರೋ ಒಂದು ಗಟ್ಟಿ ಜಾಗದ ಮೇಲೆ ತಗಡಿಟ್ಟು, ಬಡೀತಾ ತಿರುಗಿಸ್ತಾ, ಬಡೀತಾ ತಿರುಗಿಸ್ತಾ ಹೋದರೆ ಬಟ್ಟಲಿನ ಹಾಗೆ ಉಬ್ಬುತ್ತೆ. ಬಡಿದಷ್ಟೂ ತಗಡು ಸೆಟೆದುಕೊಳ್ಳುತ್ತೆ. ಆಗ ಕೆಂಪಗೆ ಕಾಯಿಸಿ ಆರೋಕೆ ಬಿಡಬೇಕು, ಸಿಟ್ಟು ಇಳಿದು ಮತ್ತೆ ಮಾತು ಕೇಳುತ್ತೆ. ಎಲ್ಲ ಇತ್ತು, ಗುಳಿ ಇರಲಿಲ್ಲ. ಮರದ ದಿಮ್ಮಿ ಕೊರೆದೆ, ಸೀಳಿತು. ನೆಲದಲ್ಲಿ ತೋಡಿದೆ, ಕುಸಿಯಿತು. ತಲೆ ಕೆಡಿಸಿಕೊಂಡು ಮನೆಗೆ ಹೋಗಿ ಹಿತ್ತಿಲಲ್ಲಿ ಕೈಕಾಲು ತೊಳೀತಿದ್ದಾಗ ಕಂಡಿತು. ನನ್ನ ಹೆಂಡತಿಯ ರುಬ್ಬೋ ಒರಳು. ಮಿಕ್ಸಿ ಬಂದ ಮೇಲೆ ಸುಮ್ಮನೆ ಮಳೆನೀರು ಕುಡ್ಕೊಂಡು ಕೂತಿತ್ತು.

ಅದನ್ನ ಒಬ್ಬನೇ ಹೆಗಲ ಮೇಲೆ ಹೊತ್ತು ಅಂಗಡಿಗೆ ತಂದೆ. ತಳ್ಳುಗಾಡಿಯಲ್ಲಿ ತಂದ ಅಂತ ಬೇಕರಿಯವನು ಹೇಳ್ತಾನೆ. ತಳ್ಳುಗಾಡಿ ಇತ್ತು, ಇಲ್ಲ ಅನ್ನಲ್ಲ. ಅದು ಜೊತೆಗೆ ಬಂದಿತ್ತು.

ನಮ್ಮ ಅತ್ತೆ, ಅವರ ಅತ್ತೆ ಎಲ್ಲ ರುಬ್ಬಿ ರುಬ್ಬಿ ಆ ಒರಳಿನ ತಳ ನಡುವಿನಲ್ಲಿ ಚೂಪಾಗಿ ಸವೆದಿತ್ತು. ಅದು ನನಗೆ ತಿಳಿದದ್ದು ಮೊದಲನೇ ಟೋಪಿ ಹೊರಗೆ ತೆಗೆದಾಗ. ನೆತ್ತಿಯ ಮೇಲೆ ಮೊನೆ ಎದ್ದಿತ್ತು. ಎಲ್ಲ ಟೋಪಿಗೂ ಹಾಗೇ. ಸೀರಿಯಲ್ಲಿನವನು ಬಂದು ನೋಡಿ, ಕೈಯಲ್ಲಿ ಹಿಡಿದು, ಆ ಮೊನೆ ಸವರಿ, ಇಂಥ ಶೈಲಿ ಎಲ್ಲೂ ನೋಡಿಲ್ಲ, ಇದು ಯಾವ ರಾಜಮನೆತನದ್ದು ಅಂತ ಕೇಳಿದ.

"ನಮ್ಮತ್ತೆ ಮನೆತನದ್ದು" ಅಂದೆ.

ನನ್ನ ಹೆಂಡತಿ ಒರಳು ಹುಡುಕ್ಕೊಂಡು ಬಂದೇಬಿಟ್ಟಳು. ಅವಳಿಗೆ ಸಿಟ್ಟು ಬಂದರೆ ಕನ್ನಡ ಹೋಗಿ ತೆಲುಗು ಬರುತ್ತೆ. "ನಾ ರೋಲು ಎಕ್ಕಡಯ್ಯಾ?" ಅಂತ ಬಾಗಿಲಿನಿಂದಲೇ ಶುರು ಮಾಡಿದಳು. ನನ್ನ ಒರಳು ಎಲ್ಲಿ ಅಂತ. ಅದು ಈಗ ದಂಡಿಗೆ ಸೇರಿದೆ, ವಾಪಸ್ ಬರಲ್ಲ ಅಂದೆ. ಅವಳೂ ನನಗಿಂತ ಕಮ್ಮಿಯಿಲ್ಲ. ಒರಳು ಬರದಿದ್ದರೆ ನಾನೇ ಬರ್ತೀನಿ ಅಂತ, ಮಾರನೇ ದಿನದಿಂದ ಕಡಲೇಬೀಜ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಹಿಡ್ಕೊಂಡು ಬಂದು ನಾನು ಊಟಕ್ಕೆ ಎದ್ದ ಹೊತ್ತಿನಲ್ಲಿ ಅದೇ ಒರಳಲ್ಲಿ ಚಟ್ನಿ ರುಬ್ಬೋಳು. ತೊಳೆಯೋದು ನಿನ್ನ ದಂಡಿನ ಕೆಲಸ ಅಂತ ಹಾಗೇ ಬಿಟ್ಟು ಹೋಗೋಳು. ನಾನು ತೊಳೀತಿರಲಿಲ್ಲ, ಹಠ ನನಗೂ ಇದೆ. ಆ ಟೋಪಿಗಳು ಹಾಗೇ ಶೂಟಿಂಗಿಗೆ ಹೋದವು.

ಆಮೇಲೆ ಸೀರಿಯಲ್ಲಿನವನು ಫೋನು ಮಾಡಿ ಎಲ್ಲ ಚೆನ್ನಾಗಿದೆ, ಒಂದೇ ತೊಂದರೆ ಅಂದ. ಟೋಪಿ ತಲೆಗೇರಿದ ತಕ್ಷಣ ಇಡೀ ಸೈನ್ಯ ಕೋಟೆ ಬಿಟ್ಟು ಊಟದ ಗಾಡಿ ಎಲ್ಲಿ ಬಂತು ಅಂತ ನೋಡ್ತಿತ್ತಂತೆ.

ಮುಡಿ ಕೊಟ್ಟು ಬಂದ ಸೈನ್ಯ

ತಲೆ ಅಳೆಯೋಕೆ ನಾನು ಟೇಪು ಮುಟ್ಟಲ್ಲ. ನನಗೆ ಅದರ ಮೇಲಿನ ಗೀಟು ಅರ್ಥವಾಗಲ್ಲ, ಅರ್ಥವಾಗೋದು ಬೇಕಾಗಿಯೂ ಇಲ್ಲ. ದಾರ ಸಾಕು. ಹುಬ್ಬಿನ ಮೇಲಿಂದ ಹಿಡಿದು, ಕಿವಿಯ ಮೇಲೆ ಹಾಯಿಸಿ, ಹಿಂಬುರುಡೆಯ ಉಬ್ಬನ್ನ ಸುತ್ತಿ ತಂದು ಗಂಟು ಹಾಕಿದರೆ ಆ ಮನುಷ್ಯ ನನ್ನ ಜೇಬಿನಲ್ಲಿದ್ದಾನೆ ಅಂತಲೇ ಲೆಕ್ಕ. ಗೋಡೆಗೆ ಮೊಳೆ ಹೊಡೆದು ದಾರ ನೇತುಹಾಕ್ತೀನಿ. ಯಾವುದು ಯಾರ ತಲೆ ಅಂತ ಮುಟ್ಟಿ ಹೇಳ್ತೀನಿ.

ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಯವರು ಪೌರಾಣಿಕ ನಾಟಕ ಕಲೀತಿದ್ದರು. ಮಾವಿನ ತೋಟದವರು, ಹಾಲು ಹಾಕೋರು, ಹೀಗೆ. ಅವರಿಗೆ ಕಲಿಸೋ ನಾಟಕದ ಮೇಷ್ಟ್ರು ತಾನೇ ರಾಜನ ಪಾರ್ಟು ಇಟ್ಕೊಂಡಿದ್ದರು. ಸೈನಿಕರು ನೋಡೋಕೆ ಘೋರವಾಗಿರಬೇಕು, ಯಾರೂ ಕೂದಲು ಕತ್ತರಿಸಬಾರದು ಅಂತ ಕಟ್ಟಪ್ಪಣೆ ಮಾಡಿದ್ದರಂತೆ. ನಾನು ಹೋಗಿ ದಾರ ಸುತ್ತಿದಾಗ ಒಬ್ಬೊಬ್ಬನ ತಲೆಯೂ ಹುಲ್ಲಿನ ಬಣವೆ ಥರ ಇತ್ತು. ಬಣವೆಗೆ ತಕ್ಕ ಹಾಗೆ ಟೋಪಿ ಬಡಿದು ಕಳಿಸಿದೆ.

ನಾಟಕದ ದಿನ ಬೆಳಗ್ಗೆ ಮೇಷ್ಟ್ರ ಫೋನು. ಟೋಪಿಗಳೆಲ್ಲ ದೊಡ್ಡದಾಗಿವೆ, ಮೂಗಿನ ಮೇಲೆ ಬಂದು ಕೂರ್ತಿವೆ, ಮಾನ ಹೋಗುತ್ತೆ, ವಾಪಸ್ ತಗೊಳ್ಳಿ ಅಂತ. ಅಳಿಯ ಅವತ್ತು ಮುಳಬಾಗಿಲಲ್ಲೇ ಇದ್ದ. ಯಾವತ್ತೂ ಎಲ್ಲಿಗೂ ಕರೆದುಕೊಂಡು ಹೋಗದವನು, ಬನ್ನಿ ಮಾವ ನಾನೇ ಬಿಡ್ತೀನಿ ಅಂತ ಬೈಕು ಒರೆಸಿ ನಿಂತ. ದಾರಿಯುದ್ದಕ್ಕೂ ಸಿಳ್ಳೆ ಹಾಕ್ಕೊಂಡು ಬಂದ.

ಹೋಗಿ ನೋಡ್ತೀನಿ, ಸಾಲಾಗಿ ನಿಂತಿದ್ದಾರೆ, ಒಂದು ತಲೆಯ ಮೇಲೂ ಒಂದು ಕೂದಲಿಲ್ಲ. ಬಿಸಿಲಿಗೆ ಫಳಫಳ ಹೊಳೀತಿವೆ. ನಾಟಕ ಚೆನ್ನಾಗಿ ಆಗಲಿ ಅಂತ ಎಲ್ಲರೂ ಟೆಂಪೋ ಮಾಡ್ಕೊಂಡು ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದಿದ್ದರು. ಕೂದಲು ಕತ್ತರಿಸಬೇಡಿ ಅಂದಿದ್ದ ಮೇಷ್ಟ್ರ ತಲೆ ಎಲ್ಲರಿಗಿಂತ ನುಣ್ಣಗಿತ್ತು. ಕತ್ತರಿಸಬೇಡಿ ಅಂದಿದ್ದೆ, ದೇವರಿಗೆ ಕೊಡಬೇಡಿ ಅಂದಿರಲಿಲ್ಲ ಅಂದರು.

ನಾನು ಜೇಬಿನಿಂದ ದಾರಗಳ ಗೊಂಚಲು ತೆಗೆದು ಅವರ ಮುಂದೆ ಹಿಡಿದೆ. "ನಾನು ಟೋಪಿ ಮಾಡಿದ್ದು ಈ ತಲೆಗಳಿಗೆ. ಇವನ್ನ ನೀವು ತಿರುಪತಿಯಲ್ಲಿ ಬಿಟ್ಟು ಬಂದಿದ್ದೀರಿ. ಈಗ ಇಲ್ಲಿ ನಿಂತಿರೋವು ಯಾರ ತಲೆಗಳೋ ನನಗೆ ಗೊತ್ತಿಲ್ಲ. ನನ್ನ ಟೋಪಿ ಒಂದೂ ವಾಪಸ್ ತಗೊಳ್ಳಲ್ಲ, ನಿಮ್ಮ ಕೂದಲು ವಾಪಸ್ ಬರೋವರೆಗೂ ಇಲ್ಲೇ ಇರಲಿ."

ಅಳಿಯನ ಸಿಳ್ಳೆ ನಿಂತಿತು. ಮೇಷ್ಟ್ರು ಮುಖ ಸಪ್ಪೆ ಮಾಡಿಕೊಂಡರು. ನನಗೂ ಕರುಣೆ ಇದೆಯಲ್ಲ, ಪಕ್ಕದಲ್ಲಿ ಮಾವಿನಹಣ್ಣು ತುಂಬೋ ಮಂಡಿಯಿಂದ ಒಣಹುಲ್ಲು ತರಿಸಿ ಟೋಪಿಗಳ ಒಳಗೆ ಒತ್ತಿ ಕೊಟ್ಟೆ. ಟೋಪಿಗಳೇನೋ ನಿಂತವು. ಆದರೆ ನಾಟಕದಲ್ಲಿ ಸೇನಾಪತಿ ಬಲಕ್ಕೆ ತಿರುಗಿ ಅಂದಾಗ ತಲೆಗಳು ತಿರುಗಿದವು, ಟೋಪಿಗಳು ತಿರುಗಲಿಲ್ಲ. ನೋಡೋಕೆ ಕೂತ ಜನ, ಎಂಥ ಶಿಸ್ತು, ಅಲುಗಲೇ ಇಲ್ಲ ನೋಡು ಅಂತ ಚಪ್ಪಾಳೆ ಹೊಡೆದರು. ಆಮೇಲೆ ಬೋಳು ತಲೆಗೆ ಹುಲ್ಲು ಚುಚ್ಚೋಕೆ ಶುರುವಾಯ್ತು. ಸೈನಿಕರೆಲ್ಲ ಈಟಿ ಬಿಟ್ಟು ತಲೆ ಕೆರೆಯೋಕೆ ಹೊರಟರು, ಕೈಗೆ ಸಿಗೋದು ಬರೀ ಕಬ್ಬಿಣ. ನೆಗೆದರು, ಕುಣಿದರು, ಒಬ್ಬರಿಗೊಬ್ಬರು ಟೋಪಿ ಗುದ್ದಿಕೊಂಡರು.

ಮೇಷ್ಟ್ರು ಸಿಂಹಾಸನದಿಂದ ಎದ್ದು ನಿಂತು, "ನೋಡಿದೆಯಾ ಮಂತ್ರಿ, ಯುದ್ಧ ಎಂದೊಡನೆ ನನ್ನ ಸೈನಿಕರು ಹೇಗೆ ಚಡಪಡಿಸುತ್ತಿದ್ದಾರೆ!" ಅಂದರು. ಅಂದವರೇ, ತಾವೂ ಒಳಗೆ ಹುಲ್ಲು ಒತ್ತಿಕೊಂಡಿದ್ದ ಕಿರೀಟ ತೆಗೆದು ಮಂತ್ರಿ ಕೈಗೆ ಕೊಟ್ಟು, ಎರಡೂ ಕೈಯಲ್ಲಿ ಕೆರ್ಕೊಂಡರು.

ಮುದ್ದೆ ಕೋಲಿನ ಪರೀಕ್ಷೆ

ಆಮೇಲೆ ಬಂದವನು ಫಾರಿನ್ನಿಗೆ ಸಾಮಾನು ಕಳಿಸೋ ಏಜೆಂಟು. ಇವನೂ ಬೆಂಗಳೂರಿನವನೇ. ಆ ದೇಶಗಳಲ್ಲಿ ದೊಡ್ಡ ದೊಡ್ಡ ಮನುಷ್ಯರು, ಹೆಂಡತಿ ಮಕ್ಕಳಿರೋರು, ರಜೆಯ ದಿನ ಬಯಲಿಗೆ ಹೋಗಿ ಕಬ್ಬಿಣದ ಟೋಪಿ ಹಾಕ್ಕೊಂಡು ಒಬ್ಬರ ತಲೆಗೊಬ್ಬರು ಹೊಡ್ಕೊಳ್ತಾರಂತೆ. ಜಮೀನಿನ ಜಗಳವಾ ಅಂತ ಕೇಳಿದೆ. ಅಲ್ಲ, ಸುಮ್ಮನೆ ಖುಷಿಗೆ ಅಂದ. ನಮ್ಮ ಕಡೆ ಖುಷಿಗೆ ಹೊಡೆದಾಡೋರನ್ನ ಯಾರೂ ಟೋಪಿ ಹಾಕ್ಕೊಳ್ಳೋವರೆಗೂ ಬಿಡಲ್ಲ, ಮೊದಲೇ ಬಿಡಿಸ್ತಾರೆ.

ನಿಮ್ಮ ಟೋಪಿ ಏಟು ತಡೆಯುತ್ತಾ ಅಂತ ಏಜೆಂಟು ಅನುಮಾನ ಪಟ್ಟ. ಅನುಮಾನ ಅಂದರೆ ನನಗೆ ಬೆಂಕಿ. ಟೋಪಿ ನನ್ನ ತಲೆಗೇ ಇಳಿಸಿಕೊಂಡು ಸ್ಟೂಲಿನ ಮೇಲೆ ಕೂತೆ. ಹೊಡೀರಿ ಅಂದೆ. ಏಜೆಂಟು ಹಿಂದಕ್ಕೆ ಸರಿದ. ಅಳಿಯ ಅಲ್ಲೇ ಇದ್ದ, ಅವನ ಕೈಗೆ ಒಂದು ಕಟ್ಟಿಗೆ ಕೊಟ್ಟೆ. ಅವನು ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ಹೆಣ್ಣು ಕೊಟ್ಟ ಮಾವನ ತಲೆಗೆ ಹೇಗಪ್ಪಾ ಹೊಡೆಯೋದು ಅಂತ ಕಟ್ಟಿಗೆ ಕೆಳಗಿಟ್ಟ.

ನನ್ನ ಹೆಂಡತಿ ಆಗ ತಾನೇ ಬುತ್ತಿ ತಂದಿದ್ದಳು. ಮನೆಯ ಮುದ್ದೆ ಕೋಲಿನ ತುದಿ ಸವೆದಿದೆ, ಕೆತ್ತಿಸಬೇಕು ಅಂತ ಅದನ್ನೂ ಕೈಯಲ್ಲಿ ಹಿಡ್ಕೊಂಡು ಬಂದಿದ್ದಳು.

"ನೀನು ಸರಿಯಪ್ಪ. ನಂಗೇನು, ನಂಗೆ ಇವರು ಹೆಣ್ಣು ಕೊಟ್ಟಿಲ್ಲ" ಅಂದಳು.

ನಾನು ಬೇಡ ಅನ್ನೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಬಿತ್ತು. ಆ ಏಟಿನಲ್ಲಿ ನಮ್ಮ ಮದುವೆಯಾದಾಗಿನ ಎಲ್ಲ ಬಾಕಿಯೂ ಇತ್ತು. ಮುದ್ದೆ ಕೋಲು ಎರಡು ತುಂಡಾಯ್ತು. ಅದರ ಒಂದು ತುಂಡು ಹಾರಿ ರಸ್ತೆ ದಾಟಿ ಕೋಲಾರದ ಬಸ್ಸಿನ ಕಿಟಕಿಯೊಳಗೆ ಹೋಗಿ ಕೋಲಾರಕ್ಕೇ ಹೋಯ್ತು. ಟೋಪಿಗೆ ಒಂದು ಗೀರು ಬೀಳಲಿಲ್ಲ. ಏಜೆಂಟು ಅಲ್ಲೇ ನಿಂತು ಆರ್ಡರು ಕೊಟ್ಟ.

ನನ್ನ ಕಿವಿಯಲ್ಲಿ ಮಾತ್ರ ದೇವಸ್ಥಾನದ ಗಂಟೆ ಹೊಡೀತಲೇ ಇತ್ತು, ಬೇರೆ ಒಂದು ಮಾತೂ ಕೇಳಿಸ್ತಿರಲಿಲ್ಲ. ನನ್ನ ಹೆಂಡತಿ ಬಂದು ಎದುರಿಗೆ ನಿಂತು ಬಾಯಿ ಆಡಿಸೋಳು, ಕೈ ಆಡಿಸೋಳು, ಹೋಗೋಳು. ನಾನು ತಲೆ ಆಡಿಸಿ ನಗ್ತಿದ್ದೆ. ಒಂದು ವಾರ ಹಾಗಿತ್ತು. ನಮ್ಮ ಸಂಸಾರದಲ್ಲಿ ಅಷ್ಟು ಚೆನ್ನಾಗಿದ್ದ ವಾರ ಇನ್ನೊಂದಿಲ್ಲ.

ದಡಾಲ್

ಅಳಿಯ ಸುಮ್ಮನೆ ಕೂರೋನಲ್ಲ, ನನ್ನಕ್ಕನ ರಕ್ತ. ಮಾವ ದಿನಗಟ್ಟಲೆ ಬಡಿಯೋದನ್ನ ನಾನು ಉಸಿರು ಬಿಡೋದರೊಳಗೆ ಮಾಡಿ ತೋರಿಸ್ತೀನಿ ಅಂತ ಟೋಪಿಯ ಅಚ್ಚು ಮಾಡಿಸಿದ. ನನ್ನನ್ನ ಮಾಲೂರಿಗೆ ಕರೆಸಿ, ಕುರ್ಚಿ ಹಾಕಿ, ಕಾಫಿ ಕೊಟ್ಟು, ಮಿಷನ್ ಮುಂದೆ ಕೂರಿಸಿದ.

ದಡಾಲ್. ಟೋಪಿ ಬಂತು. ದಡಾಲ್. ಇನ್ನೊಂದು. ನಾನು ಕಾಫಿ ಮುಗಿಸೋದರಲ್ಲಿ ಒಂದು ಗುಡ್ಡೆ ಬಿದ್ದಿತ್ತು. ಏನಂತೀರಿ ಮಾವ ಅಂದ. ಒಂದನ್ನ ಎತ್ತಿ ಬಿಸಿಲಿಗೆ ಹಿಡಿದೆ. ನೆತ್ತಿಯಲ್ಲಿ ಬಿಸಿಲು ತೂರಿ ನನ್ನ ಮುಖಕ್ಕೇ ಬಿತ್ತು. ಎಲ್ಲ ಟೋಪಿಯೂ ನೆತ್ತಿಯಲ್ಲಿ ಬಿರುಕು. ತಗಡನ್ನ ಒಂದೇ ಏಟಿಗೆ ಅಷ್ಟು ದೂರ ಎಳೆದರೆ ಅದು ಎಲ್ಲಿಗೆ ಹೋಗಬೇಕು? ಕಾಯಿಸಿ, ಆರಿಸಿ, ಸಮಾಧಾನ ಹೇಳಿ ಕರ್ಕೊಂಡು ಬರಬೇಕು. ಅದೂ ಅಲ್ಲದೆ ಅಚ್ಚು ಮಾಡಿಸೋವಾಗ ಇವನು ತನ್ನ ತಲೆಯನ್ನೇ ಅಳತೆ ಕೊಟ್ಟಿದ್ದ. ಇವನ ತಲೆ ಚಿಕ್ಕಂದಿನಿಂದಲೂ ಕುಂಬಳಕಾಯಿ. ಶೆಡ್ಡಿನಲ್ಲಿದ್ದ ಯಾರ ತಲೆಗೆ ಹಾಕಿದರೂ ಭುಜದವರೆಗೆ ಇಳೀತಿತ್ತು.

"ಚೆನ್ನಾಗಿದೆ ಕಣೋ. ಮಳೆ ಬಂದರೆ ಒಳಗೆ ನೀರು ನಿಲ್ಲಲ್ಲ" ಅಂದೆ.

ಅವನು ಮುಖ ಊದಿಸಿಕೊಂಡ. ನನ್ನ ಮಗಳು ಜಾಣೆ. ಆ ಗುಡ್ಡೆಯನ್ನ ತಾರಸಿಗೆ ಹೊರಿಸಿ, ಬೋರಲು ಇದ್ದದ್ದನ್ನ ಅಂಗಾತ ಮಾಡಿ ಮಣ್ಣು ತುಂಬಿದಳು. ನೀರು ಇಳಿದುಹೋಗೋಕೆ ಬಿರುಕು ಮೊದಲೇ ಇತ್ತು. ಈಗ ಮಾಲೂರಿನಲ್ಲಿ ಒಂದು ಇಡೀ ಸೈನ್ಯ ಪುದೀನ ಬೆಳೀತಾ ನಿಂತಿದೆ.

ಕುಂಬಳಕಾಯಿಗೆ ಕೂತ ಟೋಪಿ

ಇದು ಮೊನ್ನೆ ಮೊನ್ನೆ ಆಗಿದ್ದು. ಏಜೆಂಟು ಒಂದು ವಿಶೇಷ ಆರ್ಡರು ತಂದ. ಫಾರಿನ್ನಿನ ಗಿರಾಕಿ, ದೊಡ್ಡ ತಲೆ, ಅಳತೆ ಫೋನಿನಲ್ಲಿದೆ ನೋಡಿ ಅಂದ. ಫೋನಿನಲ್ಲಿರೋ ತಲೆಗೆ ಟೋಪಿ ಮಾಡಲ್ಲ, ದಾರ ತರಿಸು ಅಂದೆ. ಕಿತ್ತಾಡಿದ, ಬೇಡಿಕೊಂಡ, ಕೊನೆಗೆ ಆ ದೊರೆ ತನ್ನ ತಲೆಗೆ ದಾರ ಸುತ್ತಿ ಗಂಟು ಹಾಕಿ ಕೊರಿಯರು ಮಾಡಿದ. ಸಮುದ್ರ ದಾಟಿ ಬಂದ ದಾರ ನೋಡೋಕೆ ಬೀದಿಯೆಲ್ಲ ಬಂದಿತ್ತು.

ಆ ಟೋಪಿಗೆ ನಾನು ಜೀವ ಇಟ್ಟೆ. ನೆತ್ತಿಯನ್ನ ನಾಲ್ಕು ಹೋಳಾಗಿ ಬಡಿದು, ಅಡ್ಡ ಎರಡು ಪಟ್ಟಿ ಹಾಯಿಸಿ, ಹಣೆಯ ಸುತ್ತ ಒಂದು ಪಟ್ಟಿ ಕಟ್ಟಿ, ಎಲ್ಲ ಕೂಡೋ ಕಡೆ ರಿವಿಟ್ಟು ಹೊಡೆದೆ. ಎರಡು ಕಡೆ ಕೆನ್ನೆ ಮುಚ್ಚೋ ತಗಡು. ಹೋಳು ಹೋಳು ಸೇರೋ ಸಂದಿನಲ್ಲಿ ಇರುವೆ ಕಾಲು ಹಾಕೋಕೆ ಜಾಗ ಇರಲಿಲ್ಲ. ಒಂದು ಇರುವೆ ಬಂದು ನೋಡಿ ವಾಪಸ್ ಹೋಯ್ತು, ನಾನೇ ಕಂಡಿದ್ದೀನಿ.

ಕಳಿಸಿದೆ. ಕೆಲವು ದಿನ ಕಳೆದ ಮೇಲೆ ಏಜೆಂಟು ಅದೇ ಪೆಟ್ಟಿಗೆ ಹಿಡ್ಕೊಂಡು ತಲೆ ತಗ್ಗಿಸಿ ಬಂದ. ಟೋಪಿ ಗಿರಾಕಿಯ ತಲೆಗೆ ಇಳೀತಿಲ್ಲವಂತೆ. ವಾಪಸ್ ಬಂದಿದೆ.

ಅಳಿಯನಿಗೆ ಯಾರು ಹೇಳಿದರೋ, ಪೆಟ್ಟಿಗೆ ಬಿಚ್ಚೋದರೊಳಗೆ ಮಾಲೂರಿನಿಂದ ಬಂದಿಳಿದ. ಕೈಯಲ್ಲಿ ಹೊಸ ಬೀಗ. ನನ್ನ ಅಂಗಡಿ ಬಾಗಿಲಿಗೆ ಅಂತ. ಬೇಕರಿಯವನು ಬಂದ, ಕ್ಷೌರದವನು ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಬಂದ. ನನ್ನ ಹೆಂಡತಿ ಒರಳಿನ ಹತ್ತಿರ ನಿಂತು ನನ್ನನ್ನೇ ನೋಡ್ತಿದ್ದಳು.  ಅವಳ ಬಾಯಲ್ಲಿ ಕನ್ನಡವೂ ಇಲ್ಲ, ತೆಲುಗೂ ಇಲ್ಲ. 

ದಾರ ತೆಗೆದೆ, ಟೋಪಿಯ ಒಳಗೆ ಸುತ್ತ ಇಟ್ಟೆ. ಗಂಟಿಗೆ ಗಂಟು ಸರಿಯಾಗಿ ಕೂತಿತು. "ಟೋಪಿ ಸರಿಯಿದೆ. ತಲೆ ತಪ್ಪಿದೆ" ಅಂದೆ.

ಅಳಿಯ ನಕ್ಕ. "ಮಾವ, ಲೋಕದಲ್ಲಿ ಯಾವ ತಲೆಗೂ ಇದು ಇಳಿಯಲ್ಲ. ನನ್ನದಕ್ಕೇ ಹಾಕ್ತೀನಿ ನೋಡಿ, ಅರ್ಧಕ್ಕೂ ಬರಲ್ಲ" ಅಂತ ಟೋಪಿ ಎತ್ತಿ ತಲೆ ಮೇಲಿಟ್ಟು, ಎರಡೂ ಕೈಯಲ್ಲಿ ಬಲವಾಗಿ ಒತ್ತಿದ.

ಇಳೀತು. ಹುಬ್ಬಿನವರೆಗೆ ಇಳೀತು, ಕಿವಿ ದಾಟಿ ಇಳೀತು, ಹಿಂಬುರುಡೆ ಹಿಡ್ಕೊಂಡು ಕೂತಿತು. ಅಳತೆ ತೆಗೆದು ಅವನಿಗೇ ಮಾಡಿದ ಹಾಗಿತ್ತು. 

"ಕೂತಿತಲ್ಲ" ಅಂದೆ.

ಅವನು ತೆಗೆಯೋಕೆ ನೋಡಿದ. ಬರಲಿಲ್ಲ. ಕಿವಿಗಳು ಇಳಿಯೋವಾಗ ದಾರಿ ಬಿಟ್ಟಿದ್ದವು, ಹತ್ತೋವಾಗ ಅಡ್ಡ ನಿಂತವು. ಏಜೆಂಟು ಎಳೆದ, ಬೇಕರಿಯವನು ಎಳೆದ. ನನ್ನ ಹೆಂಡತಿ ಹರಳೆಣ್ಣೆ ಸುರಿದಳು, ಬೇಕರಿಯವನು ಡಾಲ್ಡಾ ತಂದು ಸವರಿದ. ಅಳಿಯ ಹೋಳಿಗೆಯ ಹಾಗೆ ಮಿರಮಿರ ಮಿಂಚಿದ, ಟೋಪಿ ಅಲುಗಲಿಲ್ಲ. ಕ್ಷೌರದವನು ಕತ್ತಿ ತೋರಿಸಿ ಕಿವಿಯ ಕಡೆ ಒಂದು ಥರ ನೋಡಿದ. ಅಳಿಯ ಎದ್ದು ದೂರ ನಿಂತ.

"ರಿವಿಟ್ಟು ಕಿತ್ತರೆ ಬಿಚ್ಚಿಕೊಳ್ಳುತ್ತೆ. ಸುತ್ತಿಗೆ, ಉಳಿ, ಎರಡೇ ನಿಮಿಷದ ಕೆಲಸ" ಅಂದೆ. ಅಂದು, ಎಲ್ಲರೂ ನೋಡೋ ಹಾಗೆ ಸುತ್ತಿಗೆಯನ್ನ ಒರಳಿನ ಪಕ್ಕ ನೆಲದ ಮೇಲಿಟ್ಟೆ. "ಆದರೆ ಟೋಪಿ ವಾಪಸ್ ಬಂದಿದೆ ಕಣೋ. ಕರಾರು ಕರಾರೇ. ನನ್ನದು ಒಂದೇ ಮಾತು, ಸುತ್ತಿಗೆ ಕೆಳಗಿಟ್ಟಿದ್ದೀನಿ. ಬೀಗ ತಂದಿದ್ದೀಯಲ್ಲ, ಹಾಕು."

ಅವನಿಗೂ ರೋಷ ಬಂತು. ನನಗೆ ನನ್ನ ಮಿಷನ್ ಇದೆ ಅಂತ ಬೈಕು ಹತ್ತಿದ. ಕೆನ್ನೆಯ ತಗಡು ಎರಡೂ ಕಡೆ ಅಡ್ಡ ಬಂದು ಮುಂದೆ ಬಿಟ್ಟು ಎಲ್ಲೂ ಕಾಣಿಸ್ತಿರಲಿಲ್ಲ. ಪಕ್ಕ ನೋಡಿ ಹೇಳೋಕೆ ಕ್ಷೌರದವನು ಹಿಂದೆ ಕೂತ. ಹೋದರು.

ಕ್ಷೌರದವನು ಬಸ್ಸಿನಲ್ಲಿ ಒಬ್ಬನೇ ವಾಪಸ್ ಬಂದ. ಕೋಲಾರದಲ್ಲಿ ಟ್ರಾಫಿಕ್ ಪೊಲೀಸು ಕೈ ಅಡ್ಡ ಹಾಕಿದನಂತೆ. ಅಳಿಯ ಬೈಕು ಪಕ್ಕಕ್ಕೆ ನಿಲ್ಲಿಸಿದ. ಪೊಲೀಸು ಒಂದು ಸುತ್ತು ಬಂದು, ಟೋಪಿಗೆ ಲಾಠಿಯಿಂದ ಮೆತ್ತಗೆ ತಟ್ಟಿದ. ಠಣ್ ಅಂತು. ಇನ್ನೊಂದು ಸಲ ತಟ್ಟಿದ. ಇಷ್ಟು ವರ್ಷ ಇಲ್ಲಿ ನಿಂತಿದ್ದೀನಿ, ಹೆಲ್ಮೆಟ್ ಅಂದರೆ ಇದಪ್ಪ ಅಂದನಂತೆ. ಆಮೇಲೆ ಕ್ಷೌರದವನ ಕಡೆ ತಿರುಗಿ, ಹಿಂದೆ ಕೂತೋನದು ಎಲ್ಲಿ ಅಂತ ಕೇಳಿ, ಇವನನ್ನ ಇಳಿಸಿಕೊಂಡನಂತೆ.

ಮಾಲೂರಿನಲ್ಲಿ ಏನಾಯ್ತು ಅಂತ ಮಗಳು ಫೋನಿನಲ್ಲಿ ಹೇಳಿದಳು. ನಗು ತಡೆಯೋಕಾಗದೆ ಅರ್ಧರ್ಧ ಹೇಳಿದಳು. ಅಳಿಯ ಶೆಡ್ಡಿಗೆ ಹೋದವನೇ, ಏನಾದರೂ ಮಾಡಿ ತೆಗೀರೋ ಅಂತ ಮಿಷನ್ ಪಕ್ಕಕ್ಕೆ ತಲೆ ಒಡ್ಡಿದ್ದಾನೆ. ಮಿಷನ್ ನಡೆಸೋನು ಮೇಲಿನ ದಡಾಲ್ ನೋಡಿದ, ಕೆಳಗಿನ ಯಜಮಾನನ್ನ ನೋಡಿದ, ಸ್ವಿಚ್ಚು ಆರಿಸಿ ಮಾಸ್ತಿ ಬಸ್ಸು ಹತ್ತಿ ಊರಿಗೇ ಹೋಗಿಬಿಟ್ಟ.

ಅಷ್ಟರಲ್ಲಿ ಏಜೆಂಟು ಆ ಫಾರಿನ್ ಗಿರಾಕಿಗೆ ಫೋನು ಹಚ್ಚಿ ಕೇಳಿದ್ದ. ದೊರೆ ದಾರ ಸುತ್ತಿದ್ದು ಬರೀ ತಲೆಗೆ. ಟೋಪಿ ಇಳಿಸೋಕೆ ನೋಡಿದ್ದು ಹಾಸಿಗೆ ಥರ ಹತ್ತಿ ತುಂಬಿ ಹೊಲಿದ ದಪ್ಪ ಕುಲಾವಿಯ ಮೇಲೆ. ಏಟು ನೋಯಬಾರದು ಅಂತ ಒಳಗೆ ಅದನ್ನ ಹಾಕ್ಕೊಳ್ತಾರಂತೆ. ಹೇಳೋಕೆ ಮರೆತನಂತೆ. ಶ್ರೀನಿವಾಸಪುರದೋರು ತಲೆ ಕಮ್ಮಿ ಮಾಡ್ಕೊಂಡು ಬಂದರು, ಇವನು ಜಾಸ್ತಿ ಮಾಡ್ಕೊಂಡ. ನನ್ನ ದಾರ ಯಾವತ್ತೂ ಸುಳ್ಳು ಹೇಳಿಲ್ಲ. ಸುಳ್ಳು ಹೇಳೋ ಕೆಲಸ ಏನಿದ್ದರೂ ನನ್ನದು.

ಸಂಜೆಗೆ ಬೈಕಿನ ಸದ್ದಾಯ್ತು. ಅಳಿಯ ಇಳಿದು ಬಂದು ನನ್ನ ಮುಂದೆ ನಿಂತ. ನಾನು ಬೇಕರಿಯ ಬನ್ನು ತಿನ್ನುತ್ತಾ ಕೂತಿದ್ದೆ. ಸುತ್ತಿಗೆ ನಾನು ಇಟ್ಟ ಜಾಗದಲ್ಲೇ ಇತ್ತು. ಬೀದಿಯೆಲ್ಲ ಸೇರಿತ್ತು.

ಟೋಪಿಯೊಳಗಿಂದ ಏನೋ ಗೊಣಗಿದ ಹಾಗಾಯ್ತು.

"ಏನಂದೆ? ಕಬ್ಬಿಣದೊಳಗಿಂದ ಕೇಳಿಸ್ತಿಲ್ಲ" ಅಂದೆ.

ಇನ್ನೊಂದು ಸಲ ಗೊಣಗಿದ. ಬಾಯಿಬಿಟ್ಟು ಹೇಳಪ್ಪ, ನಿನ್ನ ಅತ್ತೆಗೂ ಕೇಳಿಸಬೇಕು, ಸಾಕ್ಷಿ ಅವಳು ಅಂದೆ. ನನ್ನ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿರ ಬಂದಳು.

"ಮಾವ, ಸುತ್ತಿಗೆ ತಗೊಳ್ಳಿ!" ಅಂತ ಅಳಿಯ ಕೂಗಿದ. ಬೀದಿಯ ಆ ಕೊನೆಯವರೆಗೂ ಕೇಳಿಸಿತು.

ನಾನು ಬನ್ನಿನ ಕೊನೇ ತುಂಡು ಬಾಯಿಗೆ ಹಾಕ್ಕೊಂಡೆ. ನೆಲದಿಂದ ಸುತ್ತಿಗೆ ಎತ್ತಿ ನನ್ನ ಕೈಗೆ ಕೊಟ್ಟವಳು ನನ್ನ ಹೆಂಡತಿ. "ರಿವಿಟ್ಟು ನಿಧಾನಕ್ಕೆ ಕೀಳಿ, ಅವಸರ ಇಲ್ಲ" ಅಂದಳು. ಅಳಿಯನ ತಲೆಯನ್ನ ಅವಳ ಒರಳಿನ ಅಂಚಿಗೆ ಒರಗಿಸಿ, ಅವನು ತಂದಿದ್ದ ಹೊಸ ಬೀಗವನ್ನ ತಲೆ ಜಾರದ ಹಾಗೆ ಅಡ್ಡ ಒತ್ತಾಗಿ ಇಟ್ಟು, ಉಳಿ ಇಟ್ಟು ಹೊಡೆದೆ. ನಾಲ್ಕು ಹೋಳು ನಾಲ್ಕು ಕಡೆ ಬಿದ್ದವು, ಒಳಗಿಂದ ಅಳಿಯ ಕೆಂಪು ಕಿವಿ ಹೊತ್ತು ಹೊರಗೆ ಬಂದ. ಅವತ್ತು ಅವನ ಬಾಯಿಂದಲೇ ಹೇಳಿಸಿಕೊಂಡು ತಗೊಂಡ ಸುತ್ತಿಗೆ ಇದು. ಯಾರು ಬೇಕಾದರೂ ಮುಳಬಾಗಿಲಿಗೆ ಬಂದು ನೋಡಿ, ಇನ್ನೂ ಕೈಯಲ್ಲೇ ಇದೆ.